ಇಂಗೆಮಾರ್ ಸ್ಟೆನ್ಮಾರ್ಕ್: ಗ್ರಂಥಾಲಯದ ಮಕ್ಕಳಿಗೆ ಯಾವ ರನ್ ತೋರಿಸುವುದು?

ಶಿರಿಯಾಹೊಳೆ

ನಮ್ಮೂರ ಗ್ರಂಥಾಲಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ತಿಂಗಳಿಗೊಮ್ಮೆ ಒಬ್ಬ ಕ್ರೀಡಾಪಟುವಿನ ಬಗ್ಗೆ ಹೇಳುವ ಕ್ರಮ ಉಂಟು. ಪಿ.ಟಿ. ಉಷಾ ಆಯಿತು, ಕುಂಬ್ಳೆ ಆಯಿತು, ಮರಡೋನಾ ಆಯಿತು. ಮುಂದಿನದ್ದು ನನ್ನ ಪಾಲಿಗೆ ಬಂದಿದೆ. ನಾನು ಆರಿಸಿದ್ದು ಸ್ವೀಡನ್‌ನ ಸ್ಲಾಲಮ್ ಸ್ಕೀ ಓಟಗಾರ ಇಂಗೆಮಾರ್ ಸ್ಟೆನ್ಮಾರ್ಕ್. (ಹಿಮದ ಇಳಿಜಾರಲ್ಲಿ ನೆಟ್ಟ ಕಂಬಗಳ ನಡುವೆ ಬಳುಕಿ ಇಳಿಯುವುದು ಸ್ಲಾಲಮ್; ಒಂದು ಸಲದ ಇಳಿತಕ್ಕೆ ರನ್ ಅಂತಾರೆ.) ಹಿಮವನ್ನೇ ಕಾಣದ ಕಾಸರಗೋಡಿನ ಮಕ್ಕಳಿಗೆ ಇದೆಲ್ಲ ಯಾಕೆ ಅಂತ ಸಮಿತಿಯಲ್ಲಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಆತ ಟೆರ್ನಾಬಿಯವ. ಸ್ವೀಡನ್‌ನ ಉತ್ತರದಲ್ಲಿ, ನಾರ್ವೆಯ ಗಡಿಗೆ ತಾಗಿದ ಹಾಗೆ ಇರುವ ಹಳ್ಳಿ, ಜನಸಂಖ್ಯೆ ಐನೂರರ ಆಸುಪಾಸು. ಹುಟ್ಟಿದ್ದು 1956ರ ಮಾರ್ಚ್ 18ರಂದು. ನಮ್ಮ ಜಿಲ್ಲೆಯವರಿಗೆ 1956 (ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ) ಅಂದರೆ ಬೇರೆ ಯಾವುದನ್ನೂ ನೆನಪಿಸಬೇಕಾಗಿಲ್ಲ. ರಾಜಧಾನಿಗೆ ದೂರ, ಗಡಿಗೆ ಹತ್ತಿರ ಅನ್ನುವ ಊರಲ್ಲಿ ಬೆಳೆದವರಿಗೆ ಅವನ ಕಥೆ ಬೇಗ ಹತ್ತಿರವಾಗುತ್ತದೆ ಅಂತ ನನ್ನ ನಂಬಿಕೆ.

ಲೆಕ್ಕ ಹೇಳುವುದಾದರೆ ವಿಶ್ವಕಪ್‌ನಲ್ಲಿ 86 ಗೆಲುವು: ಸ್ಲಾಲಮ್ 40, ಜಯಂಟ್ ಸ್ಲಾಲಮ್ (ಕಂಬಗಳು ದೂರ ದೂರ, ವೇಗ ಹೆಚ್ಚು) 46. ಮೊದಲ ಮೂರರೊಳಗೆ ನಿಂತದ್ದು 155 ಸಲ. (ಇಲ್ಲಿ ವಿಶ್ವಕಪ್ ಅಂದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ಟೂರ್ನಿ ಅಲ್ಲ. ಪ್ರತಿ ಚಳಿಗಾಲ ಊರಿಂದ ಊರಿಗೆ ನಡೆಯುವ ರೇಸ್‌ಗಳ ಸರಣಿ.) 1976, 77, 78ರಲ್ಲಿ ಸತತ ಮೂರು ವರ್ಷ ಒಟ್ಟಾರೆ (ಎಲ್ಲ ವಿಭಾಗಗಳ ಅಂಕ ಕೂಡಿಸಿದ) ಚಾಂಪಿಯನ್. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ.

ನನ್ನ ಹತ್ತಿರ ಇರುವುದು ಮುಕ್ಕಾಲು ಗಂಟೆ. ಮಾತು ಕಡಿಮೆ ಮಾಡಿ ಒಂದು ರೇಸ್ ಪೂರ್ತಿ ತೋರಿಸುವ ಆಸೆ. ಯಾವುದನ್ನು ತೋರಿಸಲಿ? ಯಾಕೆ ಅಂತಲೂ ಹೇಳಿ.

ಪಯಸ್ವಿನಿ

ಲೇಕ್ ಪ್ಲಾಸಿಡ್, 1980, ಸ್ಲಾಲಮ್. ಎರಡನೇ ಯೋಚನೆ ಬೇಡ.

ಅದಕ್ಕೂ ಮೊದಲು ಏನಾಗಿತ್ತು ಅಂತ ಮಕ್ಕಳಿಗೆ ಹೇಳಿ. 1979ರ ಸೆಪ್ಟೆಂಬರ್‌ನಲ್ಲಿ ಇಟಲಿಯ ವಾಲ್ ಸೆನಾಲೆಸ್‌ನಲ್ಲಿ ಡೌನ್‌ಹಿಲ್ (ತಿರುವು ಕಡಿಮೆ ಇರುವ, ಅತಿ ವೇಗದ ಇಳಿತ) ಅಭ್ಯಾಸ ಮಾಡುವಾಗ ಅವನು ಭಯಂಕರವಾಗಿ ಬಿದ್ದ, ತಲೆಗೆ ಪೆಟ್ಟಾಯಿತು. ಒಲಿಂಪಿಕ್ಸ್‌ಗೆ ಉಳಿದದ್ದು ಐದೇ ತಿಂಗಳು. ಅಲ್ಲಿ ಅವನ ಎದುರಾಳಿ ಅಮೆರಿಕದ ಫಿಲ್ ಮೇರ್. ಅವನದ್ದೂ ಅಂಥದ್ದೇ ಕಥೆ. ಹಿಂದಿನ ವರ್ಷ ಅದೇ ಲೇಕ್ ಪ್ಲಾಸಿಡ್‌ನಲ್ಲಿ ಪಾದದ ಗಂಟು ಮುರಿದು, ಒಳಗೆ ಲೋಹದ ಪ್ಲೇಟು, ಸ್ಕ್ರೂ ಇಟ್ಟುಕೊಂಡು ಬಂದವ. ಮೊದಲ ರನ್ ಮುಗಿದಾಗ ಮೇರ್ ಮುಂದೆ, ಸ್ಟೆನ್ಮಾರ್ಕ್ ಹಿಂದೆ. ಎರಡನೇ ರನ್ ಮುಗಿದಾಗ ಚಿನ್ನ ಸ್ಟೆನ್ಮಾರ್ಕ್‌ಗೆ, ಬೆಳ್ಳಿ ಮೇರ್‌ಗೆ. ಜಯಂಟ್ ಸ್ಲಾಲಮ್‌ನಲ್ಲೂ ಹಾಗೆಯೇ. ಮೊದಲ ರನ್‌ನಲ್ಲಿ ಹಿಂದೆ ಬಿದ್ದು, ಎರಡನೆಯದರಲ್ಲಿ ಎಲ್ಲರನ್ನೂ ದಾಟಿದ.

ಅವನ ಇಡೀ ವೃತ್ತಿಜೀವನದ ಗುಣವೇ ಅದು. ಹಿಂದೆ ಉಳಿದಿದ್ದಾನೆ ಅಂದರೆ ಉಳಿದವರಿಗೆ ಸಮಾಧಾನ ಇರುತ್ತಿರಲಿಲ್ಲ. ಎರಡನೇ ರನ್ ಹೊತ್ತಿಗೆ ಸ್ವೀಡನ್‌ನಲ್ಲಿ ಶಾಲೆಯ ಪಾಠ ನಿಲ್ಲಿಸಿ ಟಿ.ವಿ. ಹಾಕುತ್ತಿದ್ದರಂತೆ.

ಉಪ್ಪಳ67

ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳ್ತೇನೆ. ಈಗಿನ ಮಕ್ಕಳಿಗೆ ಈಗಿನವರನ್ನು ತೋರಿಸಿ. ಅಮೆರಿಕದ ಸ್ಕೀ ಓಟಗಾರ್ತಿ ಮಿಕೇಲಾ ಶಿಫ್ರಿನ್ ಇರುವಾಗ ಸ್ಟೆನ್ಮಾರ್ಕ್ ಯಾಕೆ?

2023ರ ಮಾರ್ಚ್ 11ರಂದು ಸ್ವೀಡನ್‌ನ ಓರೆ ಎಂಬ ಊರಲ್ಲಿ ಆಕೆ 87ನೇ ರೇಸ್ ಗೆದ್ದು ಅವನ 86ನ್ನು ದಾಟಿದಳು, ಅದೂ ಅವನದೇ ದೇಶದಲ್ಲಿ, ಸ್ಲಾಲಮ್‌ನಲ್ಲಿ. 2012ರಲ್ಲಿ ಆಕೆಯ ಮೊದಲ ವಿಶ್ವಕಪ್ ಗೆಲುವು ಬಂದದ್ದೂ ಓರೆಯಲ್ಲೇ, ಆಗ ಪ್ರಾಯ 17. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ 18ಕ್ಕೇ ಸ್ಲಾಲಮ್ ಚಿನ್ನ. ಆ ಎರಡನೇ ರನ್ ನೋಡಿದ್ದೀರಾ? ನಡುದಾರಿಯಲ್ಲಿ ಒಂದು ಸ್ಕೀ ಗಾಳಿಗೆ ಎದ್ದು ಹೋಯಿತು, ಮುಗಿಯಿತು ಅಂತಲೇ ಎಣಿಸಬೇಕು, ಅಲ್ಲಿಂದ ಸಾವರಿಸಿಕೊಂಡು ಚಿನ್ನಕ್ಕೆ ಬಂದಳು.

ಸೋತದ್ದೂ ಹೇಳಬೇಕು. 2022ರ ಬೀಜಿಂಗ್‌ನಲ್ಲಿ ಜಯಂಟ್ ಸ್ಲಾಲಮ್‌ನಲ್ಲಿ ಬಿದ್ದಳು, ಸ್ಲಾಲಮ್‌ನಲ್ಲಿ ಕೆಲವೇ ಸೆಕೆಂಡಿನಲ್ಲಿ ದಾರಿ ತಪ್ಪಿ, ಹಿಮದ ಬದಿಯಲ್ಲಿ ತಲೆ ತಗ್ಗಿಸಿ ಎಷ್ಟೋ ಹೊತ್ತು ಕುಳಿತಳು. ಲೋಕವೆಲ್ಲ ಆ ಚಿತ್ರ ನೋಡಿತು. ಅದಕ್ಕೆ ಎರಡು ವರ್ಷ ಮೊದಲು ತಂದೆಯನ್ನು ಕಳೆದುಕೊಂಡಿದ್ದಳು. 2024ರ ನವೆಂಬರ್‌ನಲ್ಲಿ ನೂರನೇ ಗೆಲುವಿಗೆ ಇಳಿದಾಗ ಕಿಲಿಂಗ್ಟನ್‌ನಲ್ಲಿ ಬಿದ್ದು ಹೊಟ್ಟೆಯ ಬದಿಗೆ ಆಳದ ಗಾಯ. 2025ರ ಫೆಬ್ರವರಿ 23ರಂದು ಸೆಸ್ಟ್ರಿಯೆರೆಯಲ್ಲಿ ಅದೇ ನೂರನೆಯದನ್ನು ಸ್ಲಾಲಮ್‌ನಲ್ಲಿ ಗೆದ್ದಳು. ಗ್ರಂಥಾಲಯಕ್ಕೆ ಬರುವ ಮಕ್ಕಳಲ್ಲಿ ಅರ್ಧದಷ್ಟು ಹುಡುಗಿಯರು ಇರ್ತಾರೆ ಅಲ್ವಾ? ಅವರಿಗೆ ಇದು ಬೇಕು.

ಸ್ಟೆನ್ಮಾರ್ಕ್ ಸ್ವತಃ ಆಕೆ ತನಗಿಂತ ಮೇಲು ಅಂತ ಬಾಯಿಬಿಟ್ಟು ಹೇಳಿಯಾಗಿದೆ.

ಬದಿಯಡ್ಕದ ಪಿ.ಟಿ. ಮಾಸ್ಟ್ರು

ಯಾರನ್ನು ಬೇಕಾದರೂ ತೋರಿಸಿ, ಮೊದಲು ಆಟದ ನಿಯಮ ಹೇಳಿ. ಇಲ್ಲದಿದ್ದರೆ ಮಕ್ಕಳಿಗೆ ಯಾರೋ ಕಂಬ ಬೀಳಿಸಿಕೊಂಡು ಓಡುವ ಹಾಗೆ ಮಾತ್ರ ಕಾಣ್ತದೆ.

ಸ್ಲಾಲಮ್‌ನಲ್ಲಿ ಎರಡು ರನ್. ಇಳಿಜಾರು ಒಂದೇ, ಗೇಟ್‌ಗಳ (ಕಂಬ ನೆಟ್ಟು ಗುರುತಿಸಿದ ತಿರುವುಗಳ) ದಾರಿ ಎರಡನೇ ರನ್‌ಗೆ ಬೇರೆ. ಎರಡರ ಸಮಯ ಕೂಡಿಸಿ ಕಡಿಮೆ ಬಂದವರು ಗೆದ್ದರು. ಗಂಡಸರಿಗೆ 55ರಿಂದ 75 ಗೇಟ್, ಎಲ್ಲ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗೀತದೆ. ಪ್ರತಿ ಗೇಟ್‌ನಲ್ಲೂ ಎರಡೂ ಕಾಲು, ಎರಡೂ ಸ್ಕೀಯ ತುದಿ ಸರಿಯಾದ ಬದಿಯಿಂದ ಹೋಗಬೇಕು. ಕಂಬ ಎರಡು ಕಾಲಿನ ನಡುವೆ ಸಿಕ್ಕಿತೋ, ಆಟ ಅಲ್ಲಿಗೆ ಮುಗಿಯಿತು. ಓಡುವ ಮೊದಲು ಆ ದಾರಿಯಲ್ಲಿ ಒಮ್ಮೆಯೂ ಅಭ್ಯಾಸ ಮಾಡುವ ಹಾಗಿಲ್ಲ. ಬದಿಯಿಂದ ನಿಧಾನ ಜಾರಿಕೊಂಡು ನೋಡಬಹುದು, ಮನಸ್ಸಲ್ಲೇ ಬಾಯಿಪಾಠ ಮಾಡಬೇಕು. ಸ್ಪರ್ಧಿಗಳು ಹೊರಡುವ ಜಾಗದಲ್ಲಿ ನಿಂತು ಕಣ್ಣು ಮುಚ್ಚಿ ಕೈ ಆಚೆ ಈಚೆ ಬಳುಕಿಸುವುದು ಅದಕ್ಕೇ.

ದಾರಿ ಹಾಕುವವರು ಸ್ಪರ್ಧಿಸುವ ತಂಡಗಳ ಕೋಚ್‌ಗಳೇ, ಸರದಿಯ ಪ್ರಕಾರ. ಕ್ರೊವೇಷಿಯಾದ ಯಾನಿತ್ಸಾ ಕೊಸ್ತೆಲಿಚ್‌ಳ ಅಪ್ಪ ಆಂಟೆ ಹಾಕಿದ ದಾರಿ ಅಂದರೆ ದೊಡ್ಡ ದೊಡ್ಡವರೇ ತಲೆ ಕೆರೆದುಕೊಳ್ಳುತ್ತಿದ್ದರು.

ವಿಶ್ವಕಪ್‌ನಲ್ಲಿ ಈಗ ಮೊದಲ ರನ್‌ನಲ್ಲಿ ಮುಂದಿರುವ 30 ಮಂದಿಗೆ ಮಾತ್ರ ಎರಡನೆಯದು. ಅಲ್ಲಿ ಕ್ರಮ ತಿರುಗಿಸ್ತಾರೆ: 30ನೆಯವ ಮೊದಲು, ಮೊದಲನೆಯವ ಕೊನೆಗೆ. ಮುಂದಿದ್ದವನು ತನ್ನ ಸಮಯವನ್ನು ಉಳಿಸಿಕೊಳ್ಳಬೇಕಾದದ್ದು ಉಳಿದವರೆಲ್ಲ ಕೆದಕಿ ಹೋದ ಹಿಮದ ಮೇಲೆ.

ಅಂತರ ಎಷ್ಟು ಸಣ್ಣದು ಅಂತ ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಪೈವಳಿಕೆಯ ಬೋಳಂಗಳ ಕಂಬಳದಲ್ಲಿ ಸೆಕೆಂಡಿನ ನೂರನೇ ಭಾಗಕ್ಕೆ ಕೋಣಗಳ ಸೋಲು ಗೆಲುವು ಘೋಷಣೆಯಾಗುವುದನ್ನು ನೋಡಿ ಬೆಳೆದವರು ಅವರು. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಇಟಲಿಯ ಆಲ್ಬರ್ಟೊ ಟೊಂಬಾ ಸ್ಲಾಲಮ್ ಚಿನ್ನ ಗೆದ್ದ ಅಂತರ 0.06 ಸೆಕೆಂಡ್ ಅಂದರೆ ತಟ್ಟನೆ ಹಿಡಿದುಕೊಳ್ತಾರೆ.

ಮುಳ್ಳೇರಿಯಾ_ಈಗ_ಗ್ರಾಝ್

ನಾನು ಆಸ್ಟ್ರಿಯಾದಲ್ಲಿ ನರ್ಸ್. ಶ್ಲಾಡ್ಮಿಂಗ್‌ನಲ್ಲಿ ಪ್ರತಿ ಜನವರಿ ಕೊನೆಗೆ ರಾತ್ರಿ ನಡೆಯುವ ಸ್ಲಾಲಮ್‌ಗೆ ಸಹೋದ್ಯೋಗಿಗಳ ಜೊತೆ ಹೋಗಿದ್ದೆ. ಟಿ.ವಿ.ಯಲ್ಲಿ ಕಾಣದ ಕೆಲವು ಹೇಳ್ತೇನೆ.

ಮೊದಲನೆಯದು, ಅದು ನಾವು ಎಣಿಸುವ ಮೆತ್ತಗಿನ ಹಿಮ ಅಲ್ಲವೇ ಅಲ್ಲ. ನೀರು ಹಾಯಿಸಿ ಗಟ್ಟಿ ಮಾಡಿದ ಮಂಜುಗಡ್ಡೆ. ಬೂಟು ಹಾಕಿ ಮೇಲೆ ನಿಲ್ಲಲಿಕ್ಕೂ ಆಗ್ಲಿಕ್ಕಿಲ್ಲ. ದೀಪದ ಬೆಳಕಿಗೆ ನೀಲಿಯಾಗಿ ಮಿನುಗ್ತದೆ. ಎರಡನೆಯದು ಶಬ್ದ. ಸ್ಕೀಯ ಅಂಚು ಮಂಜನ್ನು ಕೊರೆಯುವ ಕರ್ ಕರ್ ಸದ್ದು, ಅದರ ಮೇಲೆ ಕಂಬಕ್ಕೆ ಹೊಡೆಯುವ ಟಪ್, ಟಪ್, ಟಪ್. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು. ಓಟಗಾರರು ಮೊಣಕಾಲಿನ ಕೆಳಗೆ, ಕೈಗೆ, ಗಲ್ಲದ ಎದುರಿಗೆ ಗಾರ್ಡ್ ಕಟ್ಟಿಕೊಂಡಿರ್ತಾರೆ. ಕಂಬವನ್ನು ಕೈಯಿಂದಲೇ, ಮೊಳಕಾಲಿಂದಲೇ ಬಡಿದು ಮಲಗಿಸ್ತಾರೆ. ಬುಡದಲ್ಲಿ ತಿರುಗಣೆ ಇರುವುದರಿಂದ ಅದು ಮತ್ತೆ ಎದ್ದು ನಿಲ್ತದೆ. ಒಬ್ಬ ಹೋದ ಮೇಲೂ ಕಂಬಗಳು ನಡುಗ್ತಾ ಇರ್ತವೆ.

ಮೊದಲ ಹತ್ತು ಹದಿನೈದು ಜನ ಹೋದ ಮೇಲೆ ಗೇಟ್‌ನ ಬುಡದಲ್ಲಿ ಹೊಂಡ ಬೀಳ್ತದೆ. 40ನೇ ನಂಬರಿನ ಹುಡುಗರು ಆ ಹೊಂಡದ ಒಳಗಿಂದಲೇ ತಿರುಗಬೇಕು, ಮೊಣಕಾಲು ಎದೆಗೆ ಬಡಿದ ಹಾಗೆ ಆಗ್ತದೆ. ನನಗೆ ಆ ರಾತ್ರಿ ಗೆದ್ದವನಿಗಿಂತ ಹೆಚ್ಚು ನೆನಪಿರುವುದು ಅವರು.

ಸ್ಟೆನ್ಮಾರ್ಕ್ ಬಗ್ಗೆ ಇಲ್ಲಿನ ಹಿರಿಯರು ಇವತ್ತಿಗೂ ಮಾತಾಡ್ತಾರೆ. 1982ರ ವಿಶ್ವ ಚಾಂಪಿಯನ್‌ಶಿಪ್‌ನ ಸ್ಲಾಲಮ್ ಚಿನ್ನ ಅವನು ಗೆದ್ದದ್ದು ಇದೇ ಶ್ಲಾಡ್ಮಿಂಗ್‌ನಲ್ಲಿ.

ಪಯಸ್ವಿನಿ

ಮುಳ್ಳೇರಿಯಾದವರೇ, ಕಂಬದ ಮಾತು ಚೆನ್ನಾಗಿ ಎತ್ತಿದಿರಿ. ಸ್ಟೆನ್ಮಾರ್ಕ್ ಶುರು ಮಾಡಿದಾಗ ಮಡಚುವ ಕಂಬ ಇರಲಿಲ್ಲ. ನೆಟ್ಟಗೆ ನಿಲ್ಲುವ ಗಟ್ಟಿ ಕಂಬ, ಅದರ ಸುತ್ತ ಸುತ್ತಿಕೊಂಡು ಹೋಗಬೇಕಿತ್ತು. ಹಳೆಯ ವಿಡಿಯೋದಲ್ಲಿ ಅವನು ಭುಜವನ್ನಷ್ಟೇ ಸವರಿಸಿ ನುಣ್ಣಗೆ ಹಾಯುವುದು ಅದಕ್ಕೆ. ತಿರುಗಣೆ ಕಂಬ ಬಂದದ್ದು 1980ರ ದಶಕದ ಆರಂಭಕ್ಕೆ. ಆಮೇಲೆ ಕಾಲು ಮಾತ್ರ ಹೊರಗೆ, ಮೈಯೆಲ್ಲ ಕಂಬದ ಒಳಗೆ. ಆಟದ ವ್ಯಾಕರಣವೇ ಬದಲಾಯಿತು. ಬಲ, ಹೊಡೆತ ಇದ್ದವರ ಕಾಲ ಬಂತು. ಟೊಂಬಾ ಬಂದದ್ದು ಆಗ.

ಮಕ್ಕಳಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಒಳ್ಳೆಯದು.

ಕುಂಬಳೆ ಕೋಟೆ

ಉಪ್ಪಳ67 ಹೇಳದೆ ಬಿಟ್ಟದ್ದನ್ನು ನಾನು ಹೇಳ್ತೇನೆ. ಶಿಫ್ರಿನ್ ಸ್ಲಾಲಮ್, ಜಯಂಟ್ ಸ್ಲಾಲಮ್, ಸೂಪರ್-ಜಿ (ಜಯಂಟ್ ಸ್ಲಾಲಮ್‌ಗೂ ಡೌನ್‌ಹಿಲ್‌ಗೂ ನಡುವಿನದ್ದು), ಡೌನ್‌ಹಿಲ್, ಕಂಬೈನ್ಡ್ (ವೇಗದ ಇಳಿತ, ಸ್ಲಾಲಮ್ ಎರಡನ್ನೂ ಕೂಡಿಸಿದ್ದು), ಪ್ಯಾರಲಲ್ (ಇಬ್ಬಿಬ್ಬರು ಅಕ್ಕಪಕ್ಕ ಇಳಿಯುವುದು) ಎಲ್ಲದರಲ್ಲೂ ಗೆದ್ದವಳು. ಸ್ಟೆನ್ಮಾರ್ಕ್ ಎರಡರಲ್ಲಿ ಮಾತ್ರ. ಡೌನ್‌ಹಿಲ್‌ನಲ್ಲಿ ಅವನು ಒಮ್ಮೆಯೂ ಗೆಲ್ಲಲಿಲ್ಲ. ಅಂದ ಮೇಲೆ ಅವನನ್ನು ಪರಿಪೂರ್ಣ ಸ್ಕೀ ಓಟಗಾರ ಅನ್ನಲಿಕ್ಕೆ ಬರ್ತದಾ? ಇದು ಟೀಕೆ ಅಲ್ಲ, ಮಕ್ಕಳು ಕೇಳಿದರೆ ಉತ್ತರ ಬೇಕಲ್ಲ.

ಶಿರಿಯಾಹೊಳೆ

ಕುಂಬಳೆ ಕೋಟೆ, ನಾನು ಅವನನ್ನು ಆರಿಸಿದ್ದೇ ಈ ಪ್ರಶ್ನೆಗಾಗಿ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

1978-79ರ ಸೀಸನ್ ತೆಗೆದುಕೊಳ್ಳಿ. ಆ ವರ್ಷ 10 ಜಯಂಟ್ ಸ್ಲಾಲಮ್ ನಡೆದವು, ಹತ್ತನ್ನೂ ಅವನೇ ಗೆದ್ದ. ಸ್ಲಾಲಮ್‌ನ 3 ಸೇರಿ ಒಟ್ಟು 13 ಗೆಲುವು. ಫೆಬ್ರವರಿಯಲ್ಲಿ ಚೆಕೊಸ್ಲೊವಾಕಿಯಾದ ಯಾಸ್ನಾದಲ್ಲಿ ಎರಡನೇ ಸ್ಥಾನದ ಬೋಯಾನ್ ಕ್ರಿಜಾಯ್‌ಗಿಂತ 4.06 ಸೆಕೆಂಡ್ ಮುಂದೆ ಬಂದ. ನೂರನೇ ಭಾಗದಲ್ಲಿ ಲೆಕ್ಕ ಹಾಕುವ ಆಟದಲ್ಲಿ ನಾಲ್ಕು ಸೆಕೆಂಡು! ಇಷ್ಟೆಲ್ಲ ಆಗಿ ವರ್ಷದ ಕೊನೆಗೆ ಒಟ್ಟಾರೆ ಪಟ್ಟಿಯಲ್ಲಿ ಅವನಿಗೆ ಸಿಕ್ಕಿದ್ದು ಐದನೇ ಸ್ಥಾನ. ಚಾಂಪಿಯನ್ ಆದದ್ದು ಸ್ವಿಟ್ಜರ್ಲೆಂಡ್‌ನ ಪೀಟರ್ ಲೂಷರ್.

ಕಾರಣ ಅಂಕದ ನಿಯಮ. ಸ್ಟೆನ್ಮಾರ್ಕ್ ಮೂರು ವರ್ಷ ಸತತ ಗೆದ್ದ ಮೇಲೆ, ಪ್ರತಿ ವಿಭಾಗದಲ್ಲಿ ಕೆಲವೇ ಉತ್ತಮ ಫಲಿತಾಂಶ ಮಾತ್ರ ಲೆಕ್ಕಕ್ಕೆ ಅಂತ ಮಾಡಿದರು. ಎರಡೇ ವಿಭಾಗದಲ್ಲಿ ಓಡುವವನಿಗೆ ಹತ್ತು ಗೆದ್ದರೂ ಅಷ್ಟೇ, ಕೆಲವು ಗೆದ್ದರೂ ಅಷ್ಟೇ. ಲೂಷರ್ ಎಲ್ಲದರಲ್ಲೂ ಇಳಿಯುತ್ತಿದ್ದ, ಕಂಬೈನ್ಡ್‌ನ ಅಂಕವೂ ಬಂತು. ಅದು ನ್ಯಾಯವಾಗಿ ಸಿಕ್ಕಿದ ಪ್ರಶಸ್ತಿಯೇ, ಅವನ ಮೇಲೆ ನನಗೆ ಬೇಸರ ಇಲ್ಲ.

ಆದರೆ ಸ್ಟೆನ್ಮಾರ್ಕ್ ಏನು ಮಾಡಿದ ನೋಡಿ. ಡೌನ್‌ಹಿಲ್‌ಗೆ ಪ್ರಯತ್ನಪಟ್ಟ, ಆ ಅಭ್ಯಾಸದಲ್ಲೇ ಬಿದ್ದದ್ದು. ವಿಶ್ವಕಪ್ ಡೌನ್‌ಹಿಲ್ ಅಂತ ಇಳಿದದ್ದು ಒಂದೇ ಒಂದು ಸಲ, 1981ರಲ್ಲಿ ಕಿಟ್ಸ್‌ಬ್ಯೂಲ್‌ನಲ್ಲಿ, ಕಂಬೈನ್ಡ್‌ನ ಅಂಕಕ್ಕಾಗಿ. ಲೋಕದಲ್ಲೇ ಅತ್ಯಂತ ಕಷ್ಟದ ಇಳಿಜಾರು ಅದು. ಅದಾದ ಮೇಲೆ ತನ್ನ ಎರಡು ವಿಭಾಗಗಳಲ್ಲೇ ಉಳಿದ. ಒಟ್ಟಾರೆ ಪ್ರಶಸ್ತಿ ಮತ್ತೆ ಸಿಗಲಿಲ್ಲ. 1980ರಿಂದ 83ರ ತನಕ ನಾಲ್ಕು ವರ್ಷವೂ ಎರಡನೇ ಸ್ಥಾನ. ಪ್ರಶಸ್ತಿ ಗೆದ್ದದ್ದು ಮೊದಲ ಬಾರಿ ಆಂಡ್ರೆಯಾಸ್ ವೆಂಜೆಲ್, ಆಮೇಲೆ ಮೂರು ಸಲ ಫಿಲ್ ಮೇರ್. ಸ್ಟೆನ್ಮಾರ್ಕ್ ರೇಸ್ ಗೆಲ್ಲುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನನ್ನ ಮಟ್ಟಿಗೆ ಪರಿಪೂರ್ಣ ಅನ್ನುವ ಮಾತೇ ಇಲ್ಲಿ ಮುಖ್ಯ ಅಲ್ಲ. ಒಬ್ಬ ಮನುಷ್ಯ ತನಗೆ ಬರುವುದು ಯಾವುದು ಅಂತ ತಿಳಿದು, ಅದರಿಂದ ನಷ್ಟ ಆಗ್ತದೆ ಅಂತ ಗೊತ್ತಿದ್ದೂ ಅದನ್ನೇ 15 ವರ್ಷ ಮಾಡಿದ. ಎಲ್ಲದರಲ್ಲೂ ನೂರಕ್ಕೆ ನೂರು ತೆಗೀಬೇಕು ಅಂತ ಮನೆಯಲ್ಲಿ, ಟ್ಯೂಷನ್‌ನಲ್ಲಿ ಕೇಳಿ ಕೇಳಿ ದಣಿದ ಮಕ್ಕಳಿಗೆ ಇದನ್ನು ಹೇಳಬೇಕು ಅಂತ ನನಗೆ ತುಂಬ ಇದೆ. ಶಿಫ್ರಿನ್ ದೊಡ್ಡವಳು, ಎರಡು ಮಾತಿಲ್ಲ. ಆಕೆಯ ಕಥೆ ಬೇರೆ ತಿಂಗಳಿಗೆ ಇಡೋಣ, ಉಪ್ಪಳ67 ನೀವೇ ಬಂದು ಹೇಳಿ.

ಉಪ್ಪಳ67

ಬರ್ತೇನೆ. ಖಂಡಿತ ಬರ್ತೇನೆ. ಒಂದು ಸೇರಿಸಿಕೊಳ್ಳಿ: ಫಿನ್ಲೆಂಡ್‌ನ ಲೆವಿಯಲ್ಲಿ ಗೆದ್ದವರಿಗೆ ಹಿಮಸಾರಂಗ ಬಹುಮಾನ ಕೊಡ್ತಾರೆ, ಗೆದ್ದವರೇ ಅದಕ್ಕೆ ಹೆಸರಿಡಬೇಕು. 2019ರಲ್ಲಿ ಅಲ್ಲಿ ಶಿಫ್ರಿನ್ 41ನೇ ಸ್ಲಾಲಮ್ ಗೆದ್ದು ಸ್ಟೆನ್ಮಾರ್ಕ್‌ನ 40ನ್ನು ದಾಟಿದಾಗ ತನ್ನ ಹಿಮಸಾರಂಗಕ್ಕೆ ಇಂಗೆಮಾರ್ ಅಂತ ಹೆಸರಿಟ್ಟಳು.

ಮಧುವಾಹಿನಿ

1984ರ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಅವನು ಯಾಕೆ ಇಲ್ಲ? ಪಟ್ಟಿಯಲ್ಲಿ ಹೆಸರೇ ಕಾಣ್ತಾ ಇಲ್ಲ.

ಪಯಸ್ವಿನಿ

ಬಿಡಲಿಲ್ಲ. ಆಗ ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ ಅನ್ನುವ ನಿಯಮ. ಪ್ರಾಯೋಜಕರ ಹಣ ದೇಶದ ಸ್ಕೀ ಸಂಸ್ಥೆಯ ಮೂಲಕ ಬಂದರೆ ಪರವಾಗಿಲ್ಲ, ನೇರವಾಗಿ ಕೈಗೆ ತೆಗೆದುಕೊಂಡರೆ ವೃತ್ತಿಪರ. ಸ್ಟೆನ್ಮಾರ್ಕ್ ನೇರ ತೆಗೆದುಕೊಳ್ಳುವ ಲೈಸೆನ್ಸ್ ಮಾಡಿಸಿದ್ದ, ಹಾಗಾಗಿ ಹೊರಗೆ. ಲಿಕ್ಟೆನ್‌ಸ್ಟೈನ್‌ನ ಓಟಗಾರ್ತಿ ಹನ್ನಿ ವೆಂಜೆಲ್‌ಗೂ ಅದೇ ಗತಿ. 1980ರ ಲೇಕ್ ಪ್ಲಾಸಿಡ್‌ನಲ್ಲಿ ತಲಾ ಎರಡು ಚಿನ್ನ ಗೆದ್ದ ಇಬ್ಬರೂ ಮನೆಯಲ್ಲಿ ಉಳಿದರು. ಸ್ಲಾಲಮ್ ಚಿನ್ನ ಫಿಲ್ ಮೇರ್‌ಗೆ, ಬೆಳ್ಳಿ ಅವನ ಅವಳಿ ಸೋದರ ಸ್ಟೀವ್‌ಗೆ.

ನನಗೆ ಇದು ಇವತ್ತಿಗೂ ಸಂಕಟ. ಹಣ ಎಲ್ಲರಿಗೂ ಬರುತ್ತಿತ್ತು, ದಾರಿ ಬೇರೆ ಅಷ್ಟೆ. 28ನೇ ವಯಸ್ಸಿನ ಅಂಚಿನಲ್ಲಿದ್ದವನಿಗೆ ಒಂದು ಒಲಿಂಪಿಕ್ಸ್ ಕೈತಪ್ಪುವುದು ಅಂದರೆ ಸಣ್ಣ ವಿಷಯವಾ? 1988ರಲ್ಲಿ ಮತ್ತೆ ಬಿಟ್ಟರು. ಕ್ಯಾಲ್ಗರಿಯಲ್ಲಿ ಸ್ಲಾಲಮ್‌ನಲ್ಲಿ ಐದನೇ ಸ್ಥಾನ ಬಂತು.

ಅಡೂರು ಗಡಿ

ಇಷ್ಟೂ ವರ್ಷ ಒಂದೇ ಕಂಪೆನಿಯ ಸ್ಕೀ ಹಾಕಿದ ಅಂತ ಓದಿದ ನೆನಪು. ಹೌದಾ?

ಪಯಸ್ವಿನಿ

ಹೌದು, ಎಲಾನ್. ಸ್ಲೊವೇನಿಯಾದ ಬೆಗುನ್ಯೆ ಅನ್ನುವ ಊರಿನದ್ದು, ಆಗ ಯುಗೊಸ್ಲಾವಿಯಾ. ದೊಡ್ಡ ಆಸ್ಟ್ರಿಯನ್, ಫ್ರೆಂಚ್ ಕಂಪೆನಿಗಳ ನಡುವೆ ಸಣ್ಣದು. ಅವನಿಂದಾಗಿ ಅದರ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು.

ಮಧುವಾಹಿನಿ

ಐನೂರು ಜನರ ಹಳ್ಳಿ ಅಂದಿರಿ. ಒಬ್ಬ ಹುಟ್ಟಿದ್ದು ಆಕಸ್ಮಿಕ ಆಗಿರಬಹುದಲ್ಲ?

ಶಿರಿಯಾಹೊಳೆ

ಒಬ್ಬ ಅಲ್ಲ. ಅದೇ ಟೆರ್ನಾಬಿಯಿಂದ, ಅವನದ್ದೇ ಪ್ರಾಯದ ಸ್ಟಿಗ್ ಸ್ಟ್ರಾಂಡ್ ಬಂದ. 1983ರ ಸ್ಲಾಲಮ್ ವಿಶ್ವಕಪ್‌ನಲ್ಲಿ ಇಬ್ಬರ ಅಂಕವೂ ಸಮ! ಹೆಚ್ಚು ರೇಸ್ ಗೆದ್ದದ್ದು ಸ್ಟೆನ್ಮಾರ್ಕ್ ಅಂತ ಪ್ರಶಸ್ತಿ ಅವನಿಗೆ ಹೋಯಿತು. ಒಂದು ಹಳ್ಳಿಯ ಇಬ್ಬರು ಲೋಕದ ಪಟ್ಟಿಯ ತುದಿಯಲ್ಲಿ ಸರಿಸಮ ನಿಲ್ಲುವುದು ಅಂದರೆ ಯೋಚಿಸಿ. ಮುಂದಿನ ತಲೆಮಾರಿಗೆ ಅನ್ಯಾ ಪೇರ್ಸನ್ ಬಂದಳು, ವಿಶ್ವಕಪ್‌ನಲ್ಲಿ 42 ಗೆಲುವು, 2006ರ ಟೊರಿನೊದಲ್ಲಿ ಸ್ಲಾಲಮ್ ಚಿನ್ನ. 2010ರ ವ್ಯಾಂಕೂವರ್‌ನಲ್ಲಿ ಡೌನ್‌ಹಿಲ್‌ನ ಕೊನೆಯ ಜಿಗಿತದಲ್ಲಿ ಹಾರಿ ಬಿದ್ದು, ಮರುದಿನವೇ ಇನ್ನೊಂದು ರೇಸ್‌ಗೆ ಬಂದು ಕಂಚು ಗೆದ್ದವಳು ಅವಳೇ.

ಊರಲ್ಲಿ ಒಂದು ಇಳಿಜಾರು, ಒಂದು ಕ್ಲಬ್ಬು, ಮುಂದೆ ದಾರಿ ತೋರಿಸಿದವರು. ಸ್ಟೆನ್ಮಾರ್ಕ್‌ಗೆ ಎರ್ಮಾನ್ನೊ ನೋಗ್ಲರ್ ಅನ್ನುವ ಇಟಲಿಯ ಕೋಚ್ ಸಿಕ್ಕಿದ.

ಬದಿಯಡ್ಕದ ಪಿ.ಟಿ. ಮಾಸ್ಟ್ರು

ಈ ಕೊನೆಯ ಸಾಲನ್ನು ಸಮಿತಿಯವರಿಗೂ ಓದಿ ಹೇಳಿ. ಕಬಡ್ಡಿಗೆ ನಮ್ಮಲ್ಲಿ ಹುಡುಗರು ಕಡಿಮೆಯಾ? ಸಂಜೆ ದೀಪ ಹಾಕುವ ಒಂದು ಅಂಗಣ, ಬಿಡದೆ ಬರುವ ಒಬ್ಬ ಕೋಚ್, ಇಷ್ಟು ಸಿಕ್ಕಿದರೆ ಸಾಕು.

ಭಾರತದ ಮಾತೂ ಬರಲಿ. ಗುಲ್ಮಾರ್ಗ್ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಒಬ್ಬನೇ ಭಾರತೀಯ. ಜಯಂಟ್ ಸ್ಲಾಲಮ್‌ನಲ್ಲಿ 45ನೆಯವನಾಗಿ ಮುಗಿಸಿದ, ಸ್ಲಾಲಮ್ ಪೂರೈಸಲಿಕ್ಕೆ ಆಗಲಿಲ್ಲ. ಮನಾಲಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಸ್ಲಾಲಮ್ ಕಂಚು ಗೆದ್ದಳು. ಇನ್ನು ನಮಗೆ ತೀರಾ ಹತ್ತಿರದವಳು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಆಕೆಯದ್ದು ಕ್ರಾಸ್‌ಕಂಟ್ರಿ ಸ್ಕೀ, ಸ್ಲಾಲಮ್ ಅಲ್ಲ. ಆದರೂ ಪಾಣತ್ತೂರು ದಾಟಿದರೆ ಸಿಗುವ ಜಿಲ್ಲೆಯ ಹುಡುಗಿ ಹಿಮದ ಆಟದಲ್ಲಿ ಭಾರತಕ್ಕೆ ಆಡ್ತಾಳೆ ಅಂದರೆ ನಮ್ಮ ಮಕ್ಕಳು ಕಿವಿ ನಿಮಿರಿಸ್ತಾರೆ.

ಕುಂಬಳೆ ಕೋಟೆ

ಉತ್ತರ ಒಪ್ಪಿದೆ. ಆದರೆ ಲೇಕ್ ಪ್ಲಾಸಿಡ್ ಮಾತ್ರ ತೋರಿಸಬೇಡಿ. 1975ರಲ್ಲಿ ಇಟಲಿಯ ವಾಲ್ ಗಾರ್ಡೆನಾದಲ್ಲಿ ನಡೆದ ವಿಶ್ವಕಪ್‌ನ ಕೊನೆಯ ರೇಸ್ ಸಹ ಹಾಕಿ. ಅದಕ್ಕೆ ಮೊದಲು ಒಟ್ಟಾರೆ ಪಟ್ಟಿಯಲ್ಲಿ ಮೂವರ ಅಂಕ ಸಮ: ಇಟಲಿಯ ಗುಸ್ತಾವ್ ಥೋನಿ, ಆಸ್ಟ್ರಿಯಾದ ಫ್ರಾಂಜ್ ಕ್ಲಾಮರ್, ಸ್ಟೆನ್ಮಾರ್ಕ್. ಇಬ್ಬಿಬ್ಬರು ಅಕ್ಕಪಕ್ಕ ಇಳಿಯುವ ಪ್ಯಾರಲಲ್ ಸ್ಲಾಲಮ್. ಕ್ಲಾಮರ್ ಮೊದಲೇ ಹೊರಗೆ ಬಿದ್ದ. ಫೈನಲ್‌ನಲ್ಲಿ ಥೋನಿ ಎದುರಿಗೆ ಆಗಷ್ಟೇ 19 ತುಂಬಿದ ಸ್ಟೆನ್ಮಾರ್ಕ್. ಗುರಿ ಹತ್ತಿರ ಬಂದಾಗ ಬಿದ್ದ, ಪ್ರಶಸ್ತಿ ಥೋನಿಗೆ ಹೋಯಿತು. ಮುಂದಿನ ವರ್ಷದಿಂದ ಮೂರು ಸಲ ಅದೇ ಪ್ರಶಸ್ತಿ ಯಾರದ್ದಾಯಿತು ಅಂತ ಮಕ್ಕಳೇ ಹೇಳಲಿ.

ಶಿರಿಯಾಹೊಳೆ

ಹಾಗಾದರೆ ಹೀಗೆ: ಮೊದಲು ಮಾಸ್ಟ್ರು ಹೇಳಿದ ನಿಯಮ, ಹತ್ತು ನಿಮಿಷ. ಆಮೇಲೆ ವಾಲ್ ಗಾರ್ಡೆನಾದ ಫೈನಲ್. ನಂತರ ಲೇಕ್ ಪ್ಲಾಸಿಡ್‌ನ ಎರಡು ರನ್, ಮೊದಲ ರನ್ ಆದ ಕೂಡಲೇ ನಿಲ್ಲಿಸಿ ಯಾರು ಗೆಲ್ತಾರೆ ಅಂತ ಕೇಳುವುದು. ಕೊನೆಗೆ 1989ರ ಫೆಬ್ರವರಿಯಲ್ಲಿ ಆಸ್ಪೆನ್‌ನಲ್ಲಿ 32ನೇ ವಯಸ್ಸಿಗೆ ಗೆದ್ದ 86ನೆಯದು. ಅದರ ಮರುತಿಂಗಳು ಜಪಾನಿನಲ್ಲಿ ನಿವೃತ್ತಿ.

ಮುಳ್ಳೇರಿಯಾದವರೇ, ಶ್ಲಾಡ್ಮಿಂಗ್‌ನಲ್ಲಿ ನೀವು ತೆಗೆದ ವಿಡಿಯೋ ಏನಾದರೂ ಉಂಟಾ? ಈಗಿನ ಕಂಬ, ಈಗಿನ ವೇಗ ತೋರಿಸಲಿಕ್ಕೆ.

ಮುಳ್ಳೇರಿಯಾ_ಈಗ_ಗ್ರಾಝ್

ಉಂಟು, ಬೇಲಿ ಬದಿಯಿಂದ ತೆಗೆದದ್ದು. ಇವತ್ತು ನೈಟ್ ಡ್ಯೂಟಿ, ನಾಳೆ ಬೆಳಿಗ್ಗೆ ಕಳಿಸ್ತೇನೆ. ಪ್ರೊಜೆಕ್ಟರ್ ಜೊತೆ ಒಳ್ಳೆಯ ಸ್ಪೀಕರ್ ಇಡಿ, ಕಂಬದ ಸದ್ದು ಕೇಳದಿದ್ದರೆ ಅರ್ಧವೇ ಸಿಗುವುದು. 40ನೇ ನಂಬರಿನ ಆಚೆಯವರದ್ದೂ ಅದರಲ್ಲಿ ಉಂಟು, ಕತ್ತರಿಸಬೇಡಿ.